ಫ್ಲೆಕ್ಸಿನ ಮೇಲಿನ ಎಂಟು ಬೆನ್ನು

"ಬಲಗಡೆ ಇಳಿಸಿ ಮನೋಂಗ್! ಇನ್ನೂ ಸ್ವಲ್ಪ! ಇನ್ನೂ!"

ರಸ್ತೆಯ ಈಚೆ ಬದಿಯಲ್ಲಿ ನಿಂತು ವೀದಾ ಕೈ ಬೀಸುತ್ತಿದ್ದಳು. ಆಚೆ ಬದಿಯ ಬೇಕರಿಯ ಗೋಡೆಗೆ ಏಣಿ ಹಾಕಿಕೊಂಡು, ಊರಿಗೆಲ್ಲ ಅಣ್ಣ, ಅಂದರೆ ಮನೋಂಗ್ ಆಗಿದ್ದ ಆರ್ತೆಮ್ ಫ್ಲೆಕ್ಸಿನ ಹಗ್ಗ ಬಿಚ್ಚುತ್ತಿದ್ದ, ಕಟ್ಟುತ್ತಿದ್ದ, ಮತ್ತೆ ಬಿಚ್ಚುತ್ತಿದ್ದ. ಅವನ ತಾಳ್ಮೆಯೂ ಅಂಗಿಯಂತೆಯೇ ಬೆವರಿನಲ್ಲಿ ನೆನೆದು ಹೋಗಿತ್ತು.

"ಇಳಿಸ್ದೆ ಟೀಚರ್," ಎಂದು ಅವನು ಮೇಲಿಂದಲೇ ಕೂಗಿದ. "ಈಗ ಅಕ್ಷರ ನೋಡಿ, ಜಾರುಬಂಡೆ ಆಗಿದೆ. ಸಮುದ್ರ ಎಲ್ಲಾ ಸಿಕಿಹೋರ್ ದ್ವೀಪದ ಕಡೆ ಚೆಲ್ಲಿ ಹೋಗ್ತಾ ಇದೆ."

"ಮುಂಚೆ ಹೆಂಗಸರು ಓರೆಯಾಗಿ ಕಾಣ್ತಿದ್ರು, ಅದಕ್ಕೇ ಹೇಳ್ದೆ."

"ಅದನ್ನೇ ನಾನೂ ಹೇಳ್ತಿರೋದು! ಸಮುದ್ರ ನೆಟ್ಟಗಿದ್ರೆ ನಿಮ್ಮ ಹೆಂಗಸರು ಸೊಟ್ಟ. ಹೆಂಗಸರು ನೆಟ್ಟಗಾದ್ರೆ ಸಮುದ್ರ ಸೊಟ್ಟ. ಎರಡ್ರಲ್ಲಿ ಯಾವ್ದು ಬೇಕು ಅಂತ ನೀವೇ ಹೇಳಿಬಿಡಿ. ನರ್ಸ್ ಪರೀಕ್ಷೆ ಪಾಸಾದ ಹುಡುಗಿ ಫ್ಲೆಕ್ಸಿಗೆ ಕಾಯ್ತಾ ಕೂತಿದ್ದಾಳೆ, ಅವರಮ್ಮ ಆಗಿಂದ ಫೋನ್ ಮಾಡ್ತಾನೇ ಇದ್ದಾಳೆ."

ವೀದಾ ನಕ್ಕಳು. ದುಮಗೆತೆ ಊರಿನಲ್ಲಿ ಫ್ಲೆಕ್ಸ್ ಕಟ್ಟಿಸದೆ ಯಾರ ಸಂತೋಷವೂ ಪೂರ್ತಿಯಾಗುವುದಿಲ್ಲ. ಪಾಸಾದವರಿಗೊಂದು, ಪಟ್ಟ ಸಿಕ್ಕವರಿಗೊಂದು, ಅಜ್ಜಿಗೆ ಎಂಬತ್ತಾದರೆ ಅಜ್ಜಿಗೂ ಒಂದು. ಬೆನ್ನು ಸೊಂಟಕ್ಕೆ ಕಸುವು ಕೊಡುವ ವ್ಯಾಯಾಮದ ಅವಳ ತರಗತಿ 'ತುಲಿದ್ ಪಿಲಾಟಿಸ್'ಗೆ ಈಗ ಐದು ವರ್ಷ. ತುಲಿದ್ ಎಂದರೆ ಅಲ್ಲಿನ ಮಾತಿನಲ್ಲಿ ನೆಟ್ಟಗೆ. ಹೋದ ಭಾನುವಾರ ಬೆಳಗಿನ ಬಿಸಿಲಿನಲ್ಲಿ ಕಡಲ ಪಕ್ಕದ ಬುಲೆವಾರ್ಡ್ ರಸ್ತೆಯ ಕಟ್ಟೆಯ ಮೇಲೆ ತನ್ನ ಎಂಟು ಜನ ಶಿಷ್ಯೆಯರನ್ನು ಸಮುದ್ರಕ್ಕೆ ಮುಖ ಮಾಡಿ ಕೂರಿಸಿ, ಹಿಂದಿನಿಂದ ಫೋಟೊ ತೆಗೆಸಿದ್ದಳು. ಎಲ್ಲರಿಗೂ ಒಂದೇ ಬಣ್ಣದ ಬನಿಯನ್ನು. ಮುಖ ತೋರಿಸುವ ಫೋಟೊ ಯಾರು ಬೇಕಾದರೂ ತೆಗೆಸುತ್ತಾರೆ, ಪಿಲಾಟಿಸ್ ಟೀಚರ್ ಎಂದಮೇಲೆ ಬೆನ್ನು ತೋರಿಸಬೇಕು ಎಂಬುದು ಅವಳದೇ ಉಪಾಯ. ಆ ಉಪಾಯಕ್ಕೆ ವಾರವಿಡೀ ಬೀಗಿಕೊಂಡೇ ತಿರುಗಿದ್ದಳು.

"ಆಯ್ತು, ಸಮುದ್ರಾನೇ ನೆಟ್ಟಗಿರಲಿ," ಎಂದಳು.

ಆರ್ತೆಮ್ ಬಲತುದಿಯನ್ನು ಮತ್ತೆ ಮೇಲೆತ್ತಿ ಕಟ್ಟಿ, ಏಣಿ ಹೆಗಲಿಗೆ ಹಾಕಿಕೊಂಡು ಹೊರಟ. ಪೆಡಿಕ್ಯಾಬ್ ಎಂಬ ಮೂರುಗಾಲಿಯ ಆಟೊ ಒಂದು ಅಡ್ಡ ಬಂದು ಹೊಗೆಯುಗುಳುತ್ತಾ ದಾಟಿಹೋಯಿತು. ಹೊಗೆ ತಿಳಿಯಾದಾಗ ವೀದಾ ಮತ್ತೊಮ್ಮೆ ತಲೆಯೆತ್ತಿ ನೋಡಿದಳು. ನಗು ಅಲ್ಲಿಗೆ ನಿಂತುಹೋಯಿತು.

ಫೋಟೊದಲ್ಲಿ ಕಡಲಂಚಿನ ಗೆರೆ ಬಾಗಿಲಿನ ಹೊಸ್ತಿಲಿನಷ್ಟು ನೇರವಾಗಿತ್ತು. ಅದರ ಮುಂದೆ ಕೂತ ಬೆನ್ನುಗಳು ನೇರವಾಗಿರಲಿಲ್ಲ. ಒಬ್ಬಳ ಬಲಭುಜ ಮೇಲೆದ್ದಿತ್ತು. ಪಕ್ಕದವಳದೂ ಎದ್ದಿತ್ತು. ಅವಳ ಪಕ್ಕದವಳದೂ. ಎಲ್ಲರ ತಲೆಯೂ ಎಡಕ್ಕೆ ಒಂದಿಷ್ಟು ವಾಲಿ, ಎಲ್ಲರ ಸೊಂಟವೂ ಬಲಕ್ಕೆ ಒಂದಿಷ್ಟು ಜರುಗಿ, ಯಾರೋ ಒಂದೇ ಅಚ್ಚಿನಲ್ಲಿ ಒತ್ತಿ ತೆಗೆದ ಹಾಗೆ ಕೂತಿದ್ದರು. ಒಬ್ಬರೋ ಇಬ್ಬರೋ ಹಾಗಿದ್ದರೆ ವಯಸ್ಸು ಅನ್ನಬಹುದಿತ್ತು, ಮೂಳೆ ಅನ್ನಬಹುದಿತ್ತು. ಏಳು ಜನ! ಸಾಲಿನ ಕಟ್ಟಕಡೆಯಲ್ಲಿ ಕೂತ ಒಬ್ಬಳು ಮಾತ್ರ ಆ ಅಚ್ಚಿನಿಂದ ತಪ್ಪಿಸಿಕೊಂಡಿದ್ದಳು.

ಆ ಅಚ್ಚು ಯಾರದೆಂದು ವೀದಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಹಿಂದಿದ್ದ ಲೈಟುಕಂಬವನ್ನು ಹಿಡಿದುಕೊಂಡಳು.

ಹದಿಮೂರರ ವಯಸ್ಸಿನಲ್ಲಿ ಶಾಲೆಯ ನರ್ಸು ಅವಳನ್ನು ಬಗ್ಗಿಸಿ ನೋಡಿ, ಬೆನ್ನುಮೂಳೆ ಬಾಗಿದೆ ಎಂದಿದ್ದಳು. ಅಂದಿನಿಂದ ಹುಡುಗಿಯರ ಬಾಯಲ್ಲಿ ಅವಳ ಹೆಸರು ಹೀವಿ. ಹೀವಿ ಎಂದರೆ ಸೊಟ್ಟಿ. ತರಗತಿಯ ಫೋಟೊಗಳಲ್ಲಿ ಅವಳನ್ನು ಯಾವಾಗಲೂ ತುದಿಗೆ ನಿಲ್ಲಿಸುತ್ತಿದ್ದರು, ಬೇಕಾದರೆ ಕತ್ತರಿಸಲು ಅನುಕೂಲವಾಗಲಿ ಎಂದೇನೋ. ಮುಂದೆ ನೋವು ತಡೆಯಲಾರದೆ ಸೆಬು ನಗರಕ್ಕೆ ಹೋಗಿ ಪಿಲಾಟಿಸ್ ಕಲಿತಳು. ಬೆನ್ನು ನೆಟ್ಟಗಾಗಲಿಲ್ಲ, ಆಗುವ ಬೆನ್ನೂ ಅದಲ್ಲ, ಆದರೆ ನೋವು ಹೋಯಿತು. ಕಲಿಸಿದ ಓನಾ ಟೀಚರ್ ಕೊನೆಯ ದಿನ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು:

"ನೋಡು ಮಗಾ, ಬಾಯಲ್ಲಿ ಹೇಳು. ಕೈಯಲ್ಲಿ ಮುಟ್ಟಿ ತಿದ್ದು. ನೀನೇ ಮಾಡಿ ತೋರಿಸೋಕೆ ಮಾತ್ರ ಹೋಗ್ಬೇಡ. ಮಾಡಿ ತೋರಿಸೋ ಟೀಚರ್ ತನ್ನ ಮೈಯನ್ನೇ ಪಾಠ ಮಾಡ್ತಾಳೆ. ನಿನ್ನ ಮೈ ನಿನಗೆ ಸರಿ, ಊರಿಗೆಲ್ಲಾ ಸರಿಯಾಗಲ್ಲ."

ಮೊದಲೊಂದಿಷ್ಟು ಕಾಲ ಅವಳು ಅದನ್ನು ವ್ರತದಂತೆ ಪಾಲಿಸಿದಳು. ಆಮೇಲೆ ಸೋಂಕು ಬಂತು, ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಫೋನಿನೊಳಗಿಂದ ಯಾರನ್ನು ಮುಟ್ಟಿ ತಿದ್ದುವುದು? ಮಾತು ಅರ್ಧ ಕೇಳಿಸುವುದು, ಅರ್ಧ ತಡವರಿಸುವುದು. "ಟೀಚರ್, ಮಾಡಿ ತೋರಿಸಿ, ನೋಡಿಕೊಂಡು ಮಾಡ್ತೀವಿ," ಎಂದು ಎಲ್ಲರೂ ಗೋಗರೆದರು. ಮಾಡಿ ತೋರಿಸಿದಳು. ಎಡಬಲ ಗೊಂದಲವಾಗಬಾರದೆಂದು ಫೋನನ್ನು ಹಿಂದಿಟ್ಟು, ಅವರಿಗೆ ಬೆನ್ನು ಹಾಕಿ ಕೂತು ತೋರಿಸಿದಳು. ಎಷ್ಟು ಕಾಳಜಿ ನೋಡಿ! ಬಾಗಿಲುಗಳು ತೆರೆದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಟೀಚರ್ ಮುಂದೆ ಕೂತು ಮಾಡಿದರೆ ಎಲ್ಲರಿಗೂ ಹುರುಪು, ಸಾಲಾಗಿ ಎಲ್ಲರೂ ಅವಳಂತೆಯೇ ಮಾಡಿದರೆ ಅವಳಿಗೂ ಖುಷಿ. ಎದುರಿನ ಕನ್ನಡಿಯಲ್ಲಿ ತನ್ನ ಹಿಂದೆ ಅಷ್ಟೂ ಜನ ಒಂದೇ ಸಮ ಕಾಣುತ್ತಿದ್ದರು. ಒಂದೇ ಸಮ ಇರುವುದೆಲ್ಲ ನೆಟ್ಟಗಿದೆ ಎಂದುಕೊಂಡಿದ್ದಳು ದಡ್ಡಿ.

ರಸ್ತೆ ದಾಟಿ, ಮೆಟ್ಟಿಲು ಹತ್ತಿ, ಬೇಕರಿಯ ಮೇಲಿನ ತನ್ನ ತರಗತಿಯ ಕೋಣೆಗೆ ಬಂದಳು. ಕನ್ನಡಿಯ ಮುಂದೆ ಕೂತಳು. ಬಲಭುಜ ಮೇಲೆ, ತಲೆ ಎಡಕ್ಕೆ, ಸೊಂಟ ಬಲಕ್ಕೆ. ಫ್ಲೆಕ್ಸಿನ ಮೇಲಿನ ಏಳೂ ಬೆನ್ನು ತನ್ನದೇ ಬೆನ್ನು.

ಸಾಲಿನ ತುದಿಯ ಎಂಟನೆಯವಳು ಮೆರ್ಲಿಟಾ, ಔಷಧಿ ಅಂಗಡಿಯವಳು. ವೀದಾ ಅತಿ ಹೆಚ್ಚು ಗದರಿದ್ದು ಅವಳನ್ನೇ. "ಮೆರ್ಲಿಟಾ, ಓರೆಯಾಗಿದ್ದೀಯ!" ಎಂದು ಕನ್ನಡಿಯಲ್ಲೇ ನೋಡಿ ಕೂಗುವುದು, ಎದ್ದು ಹೋಗಿ ಅವಳ ಎಡಭುಜ ಒತ್ತುವುದು, ತಲೆ ಹಿಡಿದು ವಾಲಿಸುವುದು. ಪಾಪ ಅವಳು "ಸಾರಿ ಟೀಚರ್" ಅನ್ನುವಳು, ಮರುಗಳಿಗೆ ಮತ್ತೆ ಮೊದಲಿನಂತೆಯೇ ಕೂರುವಳು. ಇದ್ದವರಲ್ಲೆಲ್ಲ ನೆಟ್ಟಗೆ ಕೂರುತ್ತಿದ್ದ ಒಬ್ಬಳೇ ಒಬ್ಬಳನ್ನು ಇಷ್ಟು ದಿನ ಇದೇ ಕೈಗಳಿಂದ ಸೊಟ್ಟ ಮಾಡಲು ಒದ್ದಾಡಿದ್ದೆನಲ್ಲ ಎಂದು ವೀದಾಳಿಗೆ ತನ್ನ ಕೈಗಳನ್ನು ನೋಡಿದರೇ ಹೇಸಿಗೆಯಾಯಿತು.

ಅಷ್ಟರಲ್ಲಿ ಮನಾಂಗ್ ಪೂರಿಂಗ್ ನೆನಪಾದರು.

ಪೂರಿಂಗ್ ಮಾರುಕಟ್ಟೆಯಲ್ಲಿ ಬಿಸಿ ಚಾಕಲೇಟು, ಅಂಟಕ್ಕಿಯ ಅನ್ನ ಮಾರುವವರು. ಎಲ್ಲರಿಗೂ ಅಕ್ಕ, ಅಂದರೆ ಮನಾಂಗ್. ನಸುಕಿನಿಂದ ಸ್ಟೂಲಿನ ಮೇಲೆ ಕೂತು ಚಾಕಲೇಟು ಕಡೆದು ಕಡೆದು ಸೊಂಟ ಹಿಡಿದುಕೊಂಡು ಬಂದಿದ್ದರು. ವೀದಾ ಮುಟ್ಟಿ ತಿದ್ದುತ್ತಿದ್ದ ಕಾಲದಲ್ಲಿ ಆ ನೋವು ಹೋಯಿತು. ಫೋನ್ ಪಾಠದ ದಿನಗಳಲ್ಲಿ ಕೋಕೋ ಡಬ್ಬಿಗೆ ಫೋನ್ ಒರಗಿಸಿಕೊಂಡು, ಒಂದು ದಿನ ತಪ್ಪಿಸದೆ, ಕಣ್ಣು ಮಿಟುಕಿಸದೆ ನೋಡಿ ಕಲಿತವರು ಅವರೇ. "ಮನಾಂಗ್ ಅಂದ್ರೆ ಟೀಚರ್‌ದು ಜೆರಾಕ್ಸ್," ಎಂದು ಹಲ್ಲಿನ ಡಾಕ್ಟರು ಗ್ಲಿಂಡಾ ರೇಗಿಸುತ್ತಿದ್ದಳು. ಈಚೆಗೆ ಅವರಿಗೆ ಹೊಸ ನೋವು ಶುರುವಾಗಿತ್ತು. ಬಲಗತ್ತಿನಿಂದ ಹೊರಟು ಬಲಸೊಂಟಕ್ಕೆ ಇಳಿಯುವ ನೋವು. ಪಾತ್ರೆ ಎತ್ತಲಾಗುತ್ತಿರಲಿಲ್ಲ. ಹೀಗೇ ಆದರೆ ಅಂಗಡಿ ಬಿಡಬೇಕಾಗುತ್ತದೆ ಎಂದು ಹೋದ ವಾರವಷ್ಟೇ ಹೇಳಿ ಕಣ್ಣು ಒರೆಸಿಕೊಂಡಿದ್ದರು.

ಆ ನೋವಿಗೆ ವೀದಾ ಕಂಡುಹಿಡಿದ ಕಾರಣ ಅವರ ಸ್ಟೂಲು. ಒಂದು ಕಾಲು ಗಿಡ್ಡ ಇರಬೇಕು, ಎಸೆದುಬಿಡಿ ಎಂದಿದ್ದಳು. ಅದು ಪೂರಿಂಗ್ ಅವರ ಗಂಡ ಸಾಯುವ ಮುಂಚೆ ತನ್ನ ಕೈಯಾರೆ ಮಾಡಿಕೊಟ್ಟ ಸ್ಟೂಲು. ಪೂರಿಂಗ್ ಒಂದು ವಾರ ಯೋಚಿಸಿ, ಕೊಡಲಿಯಿಂದ ಒಡೆಸಿ, ಒಲೆಗೆ ಹಾಕಿದ್ದರು. "ಟೀಚರ್ ಹೇಳಿದ ಮೇಲೆ ಮುಗೀತು," ಎಂದಿದ್ದರು.

ಫ್ಲೆಕ್ಸ್ ಕಿತ್ತುಬಿಟ್ಟರೆ ಹೇಗೆ? ವೀದಾಳಿಗೆ ಮೊದಲು ಹೊಳೆದದ್ದು ಅದೇ. ಅವಳೇನು ದೇವತೆಯಲ್ಲ. ಗಾಳಿಗೆ ಹರಿಯಿತು ಎನ್ನಬಹುದು. ಸೋಮವಾರದಿಂದ ಯಾರಿಗೂ ತಿಳಿಯದ ಹಾಗೆ ಒಬ್ಬೊಬ್ಬರನ್ನೇ ತಿದ್ದುತ್ತಾ ಹೋಗಬಹುದು. ಹೇಳಿದರೆ ಯಾರು ಉಳಿಯುತ್ತಾರೆ? ಇವರು ಎಂಟು ಜನ ಹೋದರೆ ತುಲಿದ್ ಇರುವುದಿಲ್ಲ, ಅದಿಲ್ಲದೆ ತಾನು ಮತ್ತೆ ಬರೀ ಹೀವಿ. ಕತ್ತರಿ ಹಿಡಿದು ಕಿಟಕಿಯವರೆಗೆ ಹೋದಳು ಕೂಡ. ಕೆಳಗೆ ಬೇಕರಿಯ ಮುಂದೆ ಆಗಲೇ ಪೆಡಿಕ್ಯಾಬ್ ನಿಂತಿತ್ತು. ಮನಾಂಗ್ ಪೂರಿಂಗ್ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ಇನ್ನೊಂದರಲ್ಲಿ ಬಾಳೆಯೆಲೆಯಲ್ಲಿ ಸುತ್ತಿದ ಅಂಟಕ್ಕಿ ಕಡುಬು, ಬುದ್‌ಬುದ್ ತುಂಬಿದ ಚೀಲ ಹಿಡಿದುಕೊಂಡು ಇಳಿಯುತ್ತಿದ್ದರು. ಇಳಿದವರು ಮೇಲೆ ನೋಡಿ, ಫ್ಲೆಕ್ಸಿನಲ್ಲಿ ತಮ್ಮ ಬೆನ್ನನ್ನು ಹುಡುಕಿ, ಬಾಯ್ತುಂಬ ನಕ್ಕರು.

ವೀದಾ ಕತ್ತರಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಗಳಿಗೆಯಲ್ಲಿ ಎಂಟೂ ಜನ ಬಂದು ಸೇರಿ ಮೇಲೆ ಗದ್ದಲವೋ ಗದ್ದಲ. ಗ್ಲಿಂಡಾ ದೊಡ್ಡ ತಟ್ಟೆಯಲ್ಲಿ ಪಾನ್ಸಿಟ್ ತಂದಿದ್ದಳು, ತುಲಿದ್‌ನದಾದರೂ ಸರಿ, ಹುಟ್ಟುಹಬ್ಬಕ್ಕೆ ನೂಡಲ್ಸ್ ಇಲ್ಲದಿದ್ದರೆ ಆಯುಸ್ಸು ಗಿಡ್ಡವಾಗುತ್ತದಂತೆ. ಯಾರೋ ಕೇಕ್ ತಂದಿದ್ದರು, ಇನ್ಯಾರೋ ಹಾಡು ಹಾಕಿದ್ದರು.

"ನೋಡಿದ್ರಾ ಟೀಚರ್, ನನ್ನ ಗಂಡ ಫೋಟೊ ಹೆಂಗೆ ತೆಗ್ದಿದ್ದಾನೆ?" ಎಂದಳು ಗ್ಲಿಂಡಾ. "ಅವನ ಜನ್ಮದಲ್ಲಿ ನನ್ನ ಬೆನ್ನು ಇಷ್ಟು ಚೆನ್ನಾಗಿ ನೋಡಿರ್ಲಿಲ್ಲ."

"ಎದುರುಗಡೆಯಿಂದ ನೋಡೋಕೆ ಹೆದರ್ತಾನೆ ಬಿಡು," ಎಂದರು ಪೂರಿಂಗ್. ಎಲ್ಲರೂ ಹೋ ಎಂದು ನಕ್ಕರು.

"ಹಾಡು ನಿಲ್ಲಿಸಿ," ಎಂದಳು ವೀದಾ. ಅವಳ ದನಿ ಕೇಳಿ ಹಾಡು ತಾನಾಗಿಯೇ ನಿಂತಂತೆ ನಿಂತಿತು.

ಅವಳು ಏನನ್ನೂ ಸುತ್ತಿ ಬಳಸಿ ಹೇಳಲಿಲ್ಲ. ಬನಿಯನ್ನನ್ನು ಬೆನ್ನಿನ ಮೇಲಕ್ಕೆ ಸರಿಸಿ, ತನ್ನ ಬಾಗಿದ ಬೆನ್ನುಮೂಳೆಯನ್ನು ಅವರಿಗೆ ತೋರಿಸಿದಳು. ಐದು ವರ್ಷದಲ್ಲಿ ಯಾರಿಗೂ ತೋರಿಸಿರಲಿಲ್ಲ. ಆಮೇಲೆ ಫೋನಿನಲ್ಲಿದ್ದ ಅದೇ ಫೋಟೊವನ್ನು ದೊಡ್ಡದು ಮಾಡಿ ಮೇಜಿನ ಮೇಲೆ, ಪಾನ್ಸಿಟ್ ಪಕ್ಕದಲ್ಲಿಟ್ಟಳು.

"ನಂದು ತಾನಾಗೇ ಬಂದ ಸೊಟ್ಟ. ನಿಮ್ಮದು ನಾನು ಕಲಿಸಿದ್ದು," ಎಂದಳು. "ಸಮುದ್ರದ ಗೆರೆ ನೋಡಿ, ನಿಮ್ಮ ಭುಜ ನೋಡಿ. ಮಾಡಿ ತೋರಿಸ್ಬೇಡ ಅಂತ ನನ್ನ ಟೀಚರ್ ಹೇಳಿದ್ರು. ನಾನು ಕೇಳಲಿಲ್ಲ."

ಒಬ್ಬರ ಹಿಂದೆ ಒಬ್ಬರು ಬಗ್ಗಿ ಫೋಟೊ ನೋಡಿದರು. ನೋಡಿದವರು ತಲೆಯೆತ್ತಿ ಕನ್ನಡಿ ನೋಡಿದರು. ಒಬ್ಬಳು ತನ್ನ ಬಲಭುಜವನ್ನು ಎಡಗೈಯಿಂದ ಒತ್ತಿ ಹಿಡಿದಳು, ಬಿಟ್ಟ ಕೂಡಲೇ ಅದು ಮೇಲೆದ್ದಿತು. ಅದನ್ನು ಕಂಡು ಅವಳು ಸಣ್ಣಗೆ ಚೀರಿದಳು.

"ಯೇಸುವೇ!" ಎಂದಳು ಗ್ಲಿಂಡಾ. "ನಾನು ದಿನವಿಡೀ ಜನರ ಬಾಯೊಳಗೆ ಬಗ್ಗಿ ಕೆಲಸ ಮಾಡೋಳು. ಕತ್ತು ಹಿಡಿದಾಗೆಲ್ಲ ಕುರ್ಚಿ ಬೈಕೊಂಡೆ. ನೀವು ದುಡ್ಡು ಇಸ್ಕೊಂಡು ನನ್ನನ್ನ ಸೊಟ್ಟ ಮಾಡಿದ್ರಾ?"

"ಹೌದು," ಎಂದಳು ವೀದಾ.

"ಹೌದು ಅಂತಾಳಲ್ಲ, ನೋಡ್ರೇ! ಇಲ್ಲ ಅಂತಾದ್ರೂ ಅನ್ನಿ, ಜಗಳ ಆಡ್ತೀನಿ!"

ಇಬ್ಬರು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದರು. ಅವರಲ್ಲಿ ಒಬ್ಬಳು ತಂದ ಕೇಕನ್ನೂ ತೆಗೆದುಕೊಂಡು ಹೋದಳು. ವೀದಾ ತಡೆಯಲಿಲ್ಲ. ಅವಳ ಕಣ್ಣು ಮನಾಂಗ್ ಪೂರಿಂಗ್ ಅವರ ಮೇಲೆಯೇ ಇತ್ತು. ಪೂರಿಂಗ್ ವ್ಯಾಯಾಮದ ಸ್ಪ್ರಿಂಗ್ ಮಂಚದ ಅಂಚಿನಲ್ಲಿ ಕೂತು ಫೋನನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದರು. ಕೊನೆಗೆ ಬಹಳ ಮೆಲ್ಲಗೆ ಕೇಳಿದರು:

"ಹಂಗಂದ್ರೆ, ಸ್ಟೂಲಿಂದು ಏನೂ ತಪ್ಪಿರ್ಲಿಲ್ವಾ ಇಂದಾಯ್?"

ಇಂದಾಯ್ ಎಂದರೆ ಮಗಳೇ ಎಂದಂತೆ. ಅವರು ಬೈದಿದ್ದರೆ ವೀದಾ ತಡೆದುಕೊಳ್ಳುತ್ತಿದ್ದಳು.

"ಇರ್ಲಿಲ್ಲ ಮನಾಂಗ್."

"ನಾಲ್ಕು ಕಾಲೂ ಸರಿಯಾಗೇ ಇತ್ತು. ಒಡೆಯೋವಾಗ ನೆಲದ ಮೇಲಿಟ್ಟು ನೋಡ್ದೆ, ಒಂದಿಷ್ಟೂ ಅಲ್ಲಾಡ್ಲಿಲ್ಲ. ಟೀಚರ್‌ಗೆ ಕಾಣೋದು ನನಗೆಲ್ಲಿ ಕಾಣುತ್ತೆ ಅಂದ್ಕೊಂಡೆ." ಪೂರಿಂಗ್ ಫೋನನ್ನು ಮಗುಚಿಟ್ಟರು. "ಚೆನ್ನಾಗಿ ಉರೀತು. ಗಟ್ಟಿ ಮರ."

ವೀದಾ ಅಲ್ಲಿಯೇ ನೆಲಕ್ಕೆ ಕುಸಿದು ಕೂತು ಅತ್ತಳು.

ಆಗ ಮೂಲೆಯಿಂದ ಮೆರ್ಲಿಟಾ ಕೆಮ್ಮಿದಳು. ಮೊದಲಿನಿಂದಲೂ ಬೈಸಿಕೊಂಡು ಬೈಸಿಕೊಂಡು ಅವಳಿಗೆ ಈ ಕೋಣೆಯಲ್ಲಿ ಬಾಯಿ ತೆರೆಯುವ ಧೈರ್ಯವೇ ಇರಲಿಲ್ಲ. ಮೂಗಿನ ಮೇಲೆ ಬಾಟಲಿ ತಳದಂಥ ದಪ್ಪ ಕನ್ನಡಕ.

"ಟೀಚರ್, ಹಂಗಾದ್ರೆ ನಾನು ಯಾಕೆ ಸೊಟ್ಟ ಆಗ್ಲಿಲ್ಲ?"

ವೀದಾ ಕಣ್ಣೊರೆಸಿಕೊಂಡು ಅವಳ ಕಡೆ ತಿರುಗಿದಳು.

"ಅಲ್ಲ, ನಾನು ಪಾಠಕ್ಕೆ ಕೂರೋ ಮುಂಚೆ ಕನ್ನಡಕ ತೆಗೆದು ಚೀಲದಲ್ಲಿ ಇಡ್ತೀನಲ್ವಾ, ಮಲಗಿ ಎದ್ದಾಗ ಬಿದ್ದುಹೋಗುತ್ತೆ ಅಂತ," ಎಂದಳು ಮೆರ್ಲಿಟಾ. "ಅದಿಲ್ದೆ ನನಗೆ ನೀವು ಕಾಣಿಸೋದೇ ಇಲ್ಲ. ಏನೋ ಹಸಿರು ಬಣ್ಣದ್ದು ಅಲ್ಲಾಡ್ತಿರುತ್ತೆ ಅಷ್ಟೇ. ನಾನು ನೀವು ಹೇಳಿದ್ದು ಕೇಳ್ಕೊಂಡು ಮಾಡ್ತಿದ್ದೆ. ನೋಡ್ಕೊಂಡು ಮಾಡ್ತಿರ್ಲಿಲ್ಲ. ಹೇಳಿದ್ರೆ ಇನ್ನೂ ಬೈತೀರಿ ಅಂತ ಸುಮ್ನಿದ್ದೆ."

ಗ್ಲಿಂಡಾ ಪೂರಿಂಗ್ ಮಗುಚಿಟ್ಟ ಫೋನನ್ನು ಎತ್ತಿಕೊಂಡು ತುದಿಯಲ್ಲಿ ಕೂತ ಮೆರ್ಲಿಟಾಳ ಬೆನ್ನನ್ನು ನೋಡಿದಳು, ಎದುರಿಗಿದ್ದ ಮೆರ್ಲಿಟಾಳನ್ನು ನೋಡಿದಳು. "ಕುರುಡಿ ಒಬ್ಬಳೇ ಪಾಸು," ಎಂದಳು. ನಗಬೇಕೆಂದು ಹೇಳಿದ ಮಾತಲ್ಲ, ಆದರೂ ಯಾರೋ ಕಿಸಕ್ಕೆಂದರು.

ಪೂರಿಂಗ್ ಸೊಂಟಕ್ಕೆ ಕೈಕೊಟ್ಟು ಎದ್ದರು. ಗೋಡೆಗೆ ಒರಗಿಸಿದ್ದ ಚಾಪೆಗಳಲ್ಲಿ ತಮ್ಮದನ್ನು ಎಳೆದುಕೊಂಡು ಹಾಸಿ ಕೂತರು, ಕೂತು ಕಣ್ಣು ಮುಚ್ಚಿಕೊಂಡರು.

"ಹೇಳು," ಎಂದರು.

"ಏನು ಮನಾಂಗ್?"

"ಮೆರ್ಲಿಟಾಗೆ ಹೇಳಿದ್ದನ್ನೇ ನನಗೂ ಹೇಳು. ನನ್ನ ಸ್ಟೂಲು ಅಂತೂ ಹೋಯ್ತು. ನನ್ನ ಕತ್ತು ವಾಪಸ್ ಕೊಡು. ಹೇಳು, ತೋರಿಸ್ಬೇಡ."

ಒಬ್ಬೊಬ್ಬರೇ ಚಾಪೆ ಹಾಸಿದರು. ಮೆರ್ಲಿಟಾ ಕನ್ನಡಕ ತೆಗೆದು ಚೀಲದಲ್ಲಿಟ್ಟಳು. ಗ್ಲಿಂಡಾ ಕೊನೆಯವರೆಗೂ ನಿಂತಿದ್ದು, "ಮುಗಿದ ಮೇಲೆ ಬೈತೀನಿ, ಮರ್ತಿಲ್ಲ ಅಂದ್ಕೋಬೇಡಿ," ಎಂದು ದಪ್ಪೆಂದು ಕೂತಳು.

ಅಭ್ಯಾಸಬಲದಿಂದ ವೀದಾ ಮುಂದಿನ ತನ್ನ ಜಾಗಕ್ಕೆ ಹೊರಟಿದ್ದಳು. ನಾಲ್ಕು ಹೆಜ್ಜೆ ಹೋಗಿ ನಿಂತಳು. ತಿರುಗಿ, ಎಲ್ಲರ ಹಿಂದೆ, ಸ್ಪ್ರಿಂಗ್ ಮಂಚದ ಅಂಚಿನಲ್ಲಿ ಕೂತಳು. ಓನಾ ಟೀಚರ್ ಕಲಿಸಿದ ಮಾತುಗಳನ್ನು ನೆನಪಿನ ತಳದಿಂದ ಎತ್ತಿಕೊಳ್ಳಬೇಕಾಯಿತು.

"ಕಣ್ಣು ಮುಚ್ಚಿ. ಕೂತಿರೋ ಕಡೆ ಎರಡು ಮೂಳೆ ಇದೆ, ಹುಡುಕಿ. ಬಲಗಡೆ ಒಂದು, ಎಡಗಡೆ ಒಂದು. ಎರಡರ ಮೇಲೂ ಒಂದೇ ಭಾರ ಬರಲಿ. ಹೊತ್ತು ತಂದ ಚೀಲ ನೆಲಕ್ಕಿಳಿಸ್ತೀರಲ್ಲ, ಹಂಗೆ ಭುಜ ಇಳಿಸಿ. ಯಾರನ್ನೂ ನೆನೆಸ್ಕೋಬೇಡಿ, ನನ್ನನ್ನಂತೂ ನೆನೆಸ್ಕೋಲೇಬೇಡಿ. ಎರಡು ಕಿವಿಗೂ ಭುಜಕ್ಕೂ ನಡುವೆ ಒಂದೇ ಸಮ ಜಾಗ ಇರಲಿ. ಈಗ ನೆತ್ತಿ ಮೇಲಕ್ಕೆ ಹೋಗಲಿ."

"ಅಯ್ಯೋ, ಬಲಕ್ಕೆ ಬೀಳ್ತಿದ್ದೀನಿ!" ಎಂದು ಗ್ಲಿಂಡಾ ಕಿರುಚಿದಳು.

"ಬೀಳ್ತಿಲ್ಲ ಗ್ಲಿಂಡಾ. ನೆಟ್ಟಗಾಗ್ತಿದ್ದೀಯ."

"ನೆಟ್ಟಗೆ ಅಂದ್ರೆ ಹಿಂಗಿರುತ್ತಾ? ಕಾಲ ಕೆಳಗೆ ಹಡಗು ವಾಲಿದ ಹಾಗಾಗ್ತಿದೆ."

"ಇರು, ಹಂಗೇ ಇರು. ಮನಾಂಗ್, ಉಸಿರು ಬಿಡಿ. ಇನ್ನೂ ಬಿಡಿ."

ಎದ್ದು ಹೋಗಿ ಪೂರಿಂಗ್ ಅವರ ಬಲಭುಜದ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ. ಬರೀ ಇಟ್ಟಳು. ಕಾದಳು. ಬೆರಳ ಕೆಳಗೆ ಆ ಮುದಿ ಭುಜ ನಡುಗಿ, ತಡೆದು, ಮತ್ತೆ ನಡುಗಿ, ಮೆಲ್ಲಗೆ ಇಳಿಯತೊಡಗಿತು. ಪೂರ್ತಿ ಇಳಿಯಲಿಲ್ಲ, ಒಂದು ದಿನಕ್ಕೆ ಇಳಿಯುವಂಥದ್ದೂ ಅಲ್ಲ. ಆದರೆ ಇಳಿಯಿತು. ಪೂರಿಂಗ್ ಅವರ ಮುಚ್ಚಿದ ಕಣ್ಣಿನಿಂದ ಒಂದು ಹನಿ ಜಾರಿ ಗಲ್ಲಕ್ಕೆ ಬಂತು.

ವೀದಾ ಹಿಂದಕ್ಕೆ ಬಂದು ಮಂಚದ ಮೇಲೆ ಕೂತು ತಲೆಯೆತ್ತಿದಳು.

ಕನ್ನಡಿಯಲ್ಲಿ ಒಂದು ಸಾಲು ಕಂಡಿತು. ಐದು ವರ್ಷ ತಾನು ಕಂಡ ಸಾಲು ಅದಲ್ಲ. ಅಲ್ಲೊಂದು ಇಲ್ಲೊಂದು ಭುಜ ಇನ್ನೂ ಹಟ ಹಿಡಿದಿತ್ತು, ಆದರೂ ಆರು ತಲೆ ಆರು ಕಂಬದಂತೆ ಎದ್ದು ನಿಂತಿದ್ದವು. ಆ ಸಾಲಿನ ಹಿಂದೆ, ಬೇರೆ ಯಾರೋ ಒಬ್ಬಳು ಕೂತಿದ್ದಳು. ಅವಳ ಬಲಭುಜ ಮೇಲೆ, ತಲೆ ಎಡಕ್ಕೆ, ಸೊಂಟ ಬಲಕ್ಕೆ. ಇಡೀ ಕೋಣೆಯಲ್ಲಿ ಅವಳೊಬ್ಬಳೇ ಹಾಗೆ.

ಇಷ್ಟು ವರ್ಷ ಕನ್ನಡಿಯಲ್ಲಿ ತಾನು ನೆಟ್ಟಗೆ ಕಂಡದ್ದು ಏಕೆಂದು ವೀದಾಳಿಗೆ ಈಗ ತಿಳಿಯಿತು. ಈ ಹೆಂಗಸರು ಗೊತ್ತಿಲ್ಲದೆಯೇ ಅವಳ ಜೊತೆ ಸೊಟ್ಟಗಾಗಿ, ಅವಳನ್ನು ಫೋಟೊದ ತುದಿಯಿಂದ ನಡುವಿಗೆ ತಂದು ಕೂರಿಸಿಕೊಂಡಿದ್ದರು. ಇನ್ನು ಮೇಲೆ ಅವಳು ಚೆನ್ನಾಗಿ ಕಲಿಸಿದಷ್ಟೂ ಈ ಕನ್ನಡಿಯಲ್ಲಿ ಒಂಟಿಯಾಗುತ್ತಾ ಹೋಗಬೇಕು.

"ಇಂದಾಯ್," ಎಂದರು ಪೂರಿಂಗ್, ಕಣ್ಣು ತೆರೆಯದೆ. "ಸುಮ್ನಾಗಿಬಿಟ್ಯಲ್ಲ. ಇದ್ದೀಯಾ?"

"ಇದ್ದೀನಿ ಮನಾಂಗ್." ಅವಳು ಕಣ್ಣೊರೆಸಿಕೊಂಡಳು. "ಉಸಿರು ತಗೊಳ್ಳಿ. ಯಾರೂ ಈಗಲೇ ಕಣ್ಣು ಬಿಡಬೇಡಿ."